ಮನೆಯ ಮಿಷಿನ್ನಿಗೆ ನಮ್ಮ ಕೈಗುರುತು ಬಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಮಿಕ್ಸಿ, ಗ್ರೈಂಡರ್, ಫ್ಯಾನು, ಇಸ್ತ್ರಿ ಪೆಟ್ಟಿಗೆ, ವಾಷಿಂಗ್ ಮಿಷಿನ್ ಬರುತ್ತವೆ. ಒಳಗೆ ಕೂತು ಬಿಚ್ಚಿ ಜೋಡಿಸುವುದು ನಮ್ಮ ಮನೆಯವರು. ಮುಂದೆ ಕೂತು ಚೀಟಿ ಬರೆಯುವುದು ನಾನು. ಹಾಗಾಗಿ ಮಿಷಿನ್ನಿನ ಕತೆ ಅವರಿಗೆ ಗೊತ್ತು, ಅದನ್ನು ಹೊತ್ತು ತಂದವರ ಕತೆ ನನಗೆ ಗೊತ್ತು.

ಕೆಲವರು ಮಿಕ್ಸಿ ಕೆಟ್ಟರೆ "ಗುಜರಿಗೆ ಹಾಕಿಬಿಡಿ" ಎಂದು ಅಲ್ಲೇ ಬಿಟ್ಟು ಹೋಗುತ್ತಾರೆ. ಇನ್ನು ಕೆಲವರಿಗೆ ಹೊಸದರ ಅರ್ಧ ದುಡ್ಡು ರಿಪೇರಿಗೇ ಆಗುತ್ತದೆ ಎಂದು ಹೇಳಿದರೂ "ಇದೇ ಬೇಕು, ಹೇಗಾದರೂ ಮಾಡಿಕೊಡಿ" ಎನ್ನುತ್ತಾರೆ. ಎರಡೂ ಒಂದೇ ಕಂಪನಿಯ, ಒಂದೇ ವರ್ಷದ ಮಿಕ್ಸಿ ಆಗಿರಬಹುದು. ಯಾಕೆ ಹೀಗೆ ಎಂದು ವರ್ಷಗಟ್ಟಲೆ ಯೋಚಿಸಿದ್ದೇನೆ. ಈ ಬಗ್ಗೆ ಸಿಕ್ಕಿದ್ದನ್ನು ಓದಿದ್ದೇನೆ. ಅಂಗಡಿಗೆ ಬಂದವರು, ನೆಂಟರು, ಅಕ್ಕಪಕ್ಕದವರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಮಿಷಿನ್ ಅನ್ನು "ನಮ್ಮದಾಗಿ ಮಾಡಿಕೊಳ್ಳುವುದು" ಅಂದರೆ ಏನು? ಸ್ಟಿಕರ್ ಅಂಟಿಸೋದಾ?

ಸ್ಟಿಕರ್ ಕೂಡ ಅದರಲ್ಲಿ ಸೇರಿದೆ. ಫ್ರಿಡ್ಜಿನ ಹಿಡಿಗೆ ಹೊಲಿದು ಹಾಕಿದ ಬಟ್ಟೆ, ಟಿವಿ ಮೇಲೆ ಕ್ರೋಶಾ ಹೊದಿಕೆ, ಮಿಕ್ಸಿ ಜಾರಿನ ತಳಕ್ಕೆ ಉಗುರು ಬಣ್ಣದಲ್ಲಿ ಬರೆದ ಇನಿಷಿಯಲ್ಲು, ಇವೆಲ್ಲ ನೋಟಕ್ಕೆ ಸಂಬಂಧಪಟ್ಟವು. ಆದರೆ ನಡವಳಿಕೆಯನ್ನೂ ನಮ್ಮದಾಗಿ ಮಾಡಿಕೊಳ್ಳುತ್ತೇವೆ. ಟಿವಿ ಹಾಕಿದ ಕೂಡಲೇ ಯಾವ ಚಾನೆಲ್ ಬರಬೇಕು, ಗೀಸರ್ ಎಷ್ಟು ಬಿಸಿಗೆ ನಿಲ್ಲಬೇಕು, ಫೋನಿನಲ್ಲಿ ಅಮ್ಮನ ಕರೆಗೆ ಯಾವ ಹಾಡು ಕೇಳಬೇಕು ಎಂದು ನಾವೇ ತೀರ್ಮಾನಿಸುತ್ತೇವೆ. ಹೆಸರಿಡುವುದೂ ಇದರಲ್ಲಿ ಬರುತ್ತದೆ. ಜಾಗ ಗೊತ್ತು ಮಾಡುವುದೂ ಬರುತ್ತದೆ. ಗ್ರೈಂಡರ್ ಇಲ್ಲೇ ಇರಬೇಕು, ಈ ಮೂಲೆಯಲ್ಲೇ, ಕೆಳಗೆ ಇದೇ ಗೋಣಿಚೀಲ ಇರಬೇಕು ಎನ್ನುವವರನ್ನು ನೋಡಿದ್ದೀರಿ ಅಲ್ವಾ?

ಲೋಹ, ಪ್ಲಾಸ್ಟಿಕ್ಕಿನ ಮೇಲೆ ಅಕ್ಕರೆ ಹುಟ್ಟುತ್ತದೆ ಅಂದರೆ ನಂಬೋದು ಹೇಗೆ?

ಮನುಷ್ಯನ ಮನಸ್ಸು ಈ ವಿಷಯದಲ್ಲಿ ತುಂಬ ಧಾರಾಳ. 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪುಟ್ಟ ಚಿತ್ರ ತೋರಿಸಿದರು. ಅದರಲ್ಲಿ ಇದ್ದದ್ದು ಎರಡು ತ್ರಿಕೋನ, ಒಂದು ವೃತ್ತ. ಅವು ಅತ್ತಿತ್ತ ಓಡಾಡುತ್ತವೆ, ಅಷ್ಟೇ. ನೋಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ "ದೊಡ್ಡದು ಚಿಕ್ಕದನ್ನು ಅಟ್ಟಿಸಿಕೊಂಡು ಹೋಯಿತು, ಅದು ಹೆದರಿತು" ಎಂದು ಕತೆ ಹೇಳಿದರು. ತ್ರಿಕೋನಕ್ಕೇ ಹೆದರಿಕೆ, ಸಿಟ್ಟು ಕೊಡುವ ಮನಸ್ಸು ದಿನಾ ಬೆಳಿಗ್ಗೆ ನಮಗಾಗಿ ಚಟ್ನಿ ರುಬ್ಬುವ ಮಿಕ್ಸಿಯನ್ನು ಬಿಡುತ್ತದಾ?

ನಮ್ಮದು ಎನ್ನಿಸಿದ ವಸ್ತುವಿಗೆ ನಾವು ಕಟ್ಟುವ ಬೆಲೆಯೂ ಬೇರೆ. 1990ರಲ್ಲಿ ಕಾಹ್ನೆಮನ್, ನೆಟ್ಷ್, ಥೇಲರ್ ಎಂಬ ಮೂವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, "ಎಷ್ಟಕ್ಕೆ ಮಾರುತ್ತೀರಿ?" ಎಂದು ಕೇಳಿದರು. ಮಗ್ ಸಿಗದವರನ್ನು "ಎಷ್ಟಕ್ಕೆ ಕೊಳ್ಳುತ್ತೀರಿ?" ಎಂದು ಕೇಳಿದರು. ಮಾರುವವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದರ ಸುಮಾರು ಎರಡರಷ್ಟಿತ್ತು. ಆ ಮಗ್ ಅವರ ಕೈಗೆ ಬಂದು ಹೆಚ್ಚು ಹೊತ್ತು ಕೂಡ ಆಗಿರಲಿಲ್ಲ.

ಹಾಗಾದರೆ ಕಂಪನಿಯವರೇ ಬೇಕಾದ ಬಣ್ಣ, ಹೆಸರು ಹಾಕಿ ಕೊಟ್ಟರೆ ಸಾಕಲ್ಲ?

ಇಲ್ಲೇ ಇಡೀ ವಿಷಯದ ಗಂಟು ಇರುವುದು. ಸಾಕಾಗುವುದಿಲ್ಲ ಎನ್ನುವುದು ನನ್ನ ಅನುಭವ. ಅಧ್ಯಯನ ಮಾಡಿದವರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಾರೆ.

ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ರೂತ್ ಮುಗ್ಗೆ ಮತ್ತು ಜೊತೆಗಾರರು ಸೈಕಲ್ ಇಟ್ಟುಕೊಂಡವರನ್ನು ಕೇಳಿ ನೋಡಿದ್ದಾರೆ. ಸೈಕಲ್ಲಿಗೆ ತಾವೇ ಬಣ್ಣ ಬಳಿದವರು, ತಮಗೆ ಬೇಕಾದ ಹಾಗೆ ಮಾಡಿಕೊಂಡವರು ಅದಕ್ಕೆ ಎಷ್ಟು ಶ್ರಮ ಹಾಕಿದ್ದರೋ ಸೈಕಲ್ಲಿನ ಜೊತೆಗಿನ ನಂಟು ಅಷ್ಟು ಗಟ್ಟಿಯಾಗಿತ್ತು. "ಇದರಲ್ಲಿ ನಾನಿದ್ದೇನೆ" ಎಂಬ ಭಾವನೆ ಶ್ರಮದಿಂದ ಬರುತ್ತದೆ. ಆ ಭಾವನೆಯಿಂದ ನಂಟು ಬೆಳೆಯುತ್ತದೆ.

ಇನ್ನೊಂದು ಅಧ್ಯಯನ ಮೈಕಲ್ ನಾರ್ಟನ್, ಡೇನಿಯಲ್ ಮೋಚನ್, ಡಾನ್ ಏರಿಯೆಲಿ ಅವರದು, 2012ರದು. ಬಿಡಿಬಿಡಿಯಾಗಿ ಬರುವ ಪೆಟ್ಟಿಗೆಯನ್ನು ತಾವೇ ಜೋಡಿಸಿದವರು, ಕಾಗದ ಮಡಚಿ ಕಪ್ಪೆ, ಕೊಕ್ಕರೆ ಮಾಡಿದವರು ತಾವು ಮಾಡಿದ್ದಕ್ಕೆ ಜಾಸ್ತಿ ಬೆಲೆ ಕಟ್ಟಿದರು. ಕಾಗದ ಸೊಟ್ಟಗೆ ಮಡಚಿದ್ದರೂ ಅವರ ಕಣ್ಣಿಗೆ ಅದು ಪಳಗಿದವರು ಮಾಡಿದ್ದಕ್ಕೆ ಸಾಟಿ. ನಮ್ಮವರು ಇದನ್ನು "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಎಂದೋ ಹೇಳಿದ್ದಾರೆ. ಆದರೆ ಆ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದು ನನಗೆ ಬಹಳ ಮುಖ್ಯ ಎನ್ನಿಸಿತು. ಅರ್ಧಕ್ಕೆ ನಿಂತರೆ, ಅಥವಾ ಕಟ್ಟಿದ್ದನ್ನು ಕೆಡವಿದರೆ, ಆ ಹೆಚ್ಚಿನ ಬೆಲೆ ಮಾಯವಾಗುತ್ತದೆ. ಕೆಲಸ ಮುಗಿದು, "ಆಯ್ತು, ನಾನೇ ಮಾಡಿದೆ" ಎನ್ನುವ ಗಳಿಗೆ ಬರಲೇಬೇಕು.

ತುಮಕೂರಿನವರಿಗೆ ಎಚ್ಎಂಟಿ ವಾಚ್ ನೆನಪಿದ್ದೇ ಇರುತ್ತದೆ. ನಮ್ಮೂರಲ್ಲೇ ಕಾರ್ಖಾನೆ ಇತ್ತು. ಎಚ್ಎಂಟಿ ಜನತಾ ವಾಚಿಗೆ ದಿನಾ ಕೀ ಕೊಡಬೇಕಿತ್ತು. ಕೊಡದಿದ್ದರೆ ನಿಂತುಬಿಡುತ್ತಿತ್ತು. ಬೆಳಿಗ್ಗೆ ಮುಖ ತೊಳೆದು, ವಾಚಿಗೆ ಕೀ ಕೊಟ್ಟು, ಆಮೇಲೆ ಕಾಫಿ ಕುಡಿಯುತ್ತಿದ್ದವರು ನಮ್ಮ ತಂದೆ. ವಾಚು ನಡೆಯುತ್ತಿದ್ದದ್ದೇ ಅವರ ಬೆರಳಿನಿಂದ. ಆ ವಾಚು ಇವತ್ತಿಗೂ ನಮ್ಮ ಬೀರುವಿನಲ್ಲಿದೆ. ಆಮೇಲೆ ಬಂದ ಬ್ಯಾಟರಿ ವಾಚುಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ.

ಕಸ ಗುಡಿಸುವ ರೋಬೋಗೆ ಜನ ಹೆಸರಿಡುತ್ತಾರಂತೆ, ನಿಜವಾ?

ನಿಜ. ರೂಂಬಾ ಎಂಬ ಗುಂಡಗಿನ ರೋಬೋ 2002ರಲ್ಲಿ ಅಮೆರಿಕದಲ್ಲಿ ಬಂತು. ಅಲ್ಲಿನ ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಜಾ-ಯಂಗ್ ಸಂಗ್ ಮತ್ತು ಜೊತೆಗಾರರು ಅದನ್ನು ಇಟ್ಟುಕೊಂಡವರನ್ನು ಮಾತಾಡಿಸಿ 2007ರಲ್ಲಿ ಬರೆದರು. ಜನ ಅದಕ್ಕೆ ಹೆಸರಿಟ್ಟಿದ್ದರು. ಅವನು, ಅವಳು ಎಂದು ಕರೆಯುತ್ತಿದ್ದರು. ನೆಂಟರಿಗೆ ತೋರಿಸುತ್ತಿದ್ದರು. ಅದು ಸಿಕ್ಕಿಹಾಕಿಕೊಳ್ಳಬಾರದು ಎಂದು ಮನೆಯ ಸಾಮಾನನ್ನೇ ಸರಿಸುತ್ತಿದ್ದರು. 2009ರಲ್ಲಿ ಅದೇ ತಂಡ ಅದನ್ನು ಅಲಂಕರಿಸಿಕೊಳ್ಳುವುದರ ಬಗ್ಗೆಯೇ ಪ್ರತ್ಯೇಕ ಅಧ್ಯಯನ ಪ್ರಕಟಿಸಿತು.

ಸಾಮಾನು ಸರಿಸುತ್ತಿದ್ದರು ಎನ್ನುವ ಮಾತನ್ನು ಸ್ವಲ್ಪ ಗಮನಿಸಿ. ಕೆಲಸ ಮಾಡಲು ತಂದ ಮಿಷಿನ್, ಅದಕ್ಕಾಗಿ ಜನರೇ ಕೆಲಸ ಮಾಡುತ್ತಿದ್ದರು. ಆ ಕೆಲಸದಿಂದ ಬೇಸರ ಬರಲಿಲ್ಲ, ಅಕ್ಕರೆ ಬೆಳೆಯಿತು.

ನಮ್ಮ ಬೀದಿಯಲ್ಲೇ ಒಂದು ಮನೆ ಇದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಇಂಥದ್ದೇ ಒಂದು ರೋಬೋ ತಂದುಕೊಟ್ಟ. ಅಮ್ಮ ಒಂದು ವಾರ ಅದನ್ನು ನೋಡಿದರು, ಅಷ್ಟೇ. ಹೊಸಿಲು ದಾಟುವುದಿಲ್ಲ, ರಂಗೋಲಿ ಅಳಿಸುತ್ತದೆ, ದೇವರ ಮನೆಗೆ ನುಗ್ಗುತ್ತದೆ. ಆಮೇಲೆ ಮೊಮ್ಮಗಳು ಬಂದು ಫೋನಿನಲ್ಲಿ ಮನೆಯ ನಕ್ಷೆ ತೋರಿಸಿ, ದೇವರ ಮನೆಯ ಮುಂದೆ ಗೆರೆ ಎಳೆಯುವುದನ್ನು ಅಜ್ಜಿಯ ಬೆರಳಿನಿಂದಲೇ ಮಾಡಿಸಿದಳು. ಅಡುಗೆ ಮನೆ, ನಡುಮನೆ ಎಂದು ಕನ್ನಡದಲ್ಲೇ ಹೆಸರು ಹಾಕಿಸಿದಳು. ಅವತ್ತಿನಿಂದ ಅದಕ್ಕೆ "ಗುಂಡ" ಎಂದು ಹೆಸರು. ಈಗ ಆ ಅಮ್ಮ ಬೆಳಿಗ್ಗೆ ಗುಂಡ ಹೊರಡುವ ಮುಂಚೆ ಚಾಪೆ ಸುತ್ತಿ ಎತ್ತಿಡುತ್ತಾರೆ. ಚಕ್ರಕ್ಕೆ ಸಿಕ್ಕಿದ ಕೂದಲನ್ನು ತಾವೇ ಬಿಡಿಸುತ್ತಾರೆ. ಹೋದ ತಿಂಗಳು ಅದರ ಬ್ರಶ್ ಸವೆದಿದೆ ಎಂದು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಡಿಗೆ ತಂದರು.

ಹೆಸರಿಟ್ಟ ಕೂಡಲೇ ಅಕ್ಕರೆ ಬಂದುಬಿಡುತ್ತಾ?

ಇಲ್ಲ. ಒಂದಿಷ್ಟು ದಿನ ಜೊತೆಯಲ್ಲಿ ಬಾಳಿದ ಮೇಲೆ ಬಾಯಿಗೆ ಬರುವ ಹೆಸರು ನಿಲ್ಲುತ್ತದೆ. ಡಬ್ಬಿ ಬಿಚ್ಚಿದ ದಿನವೇ ಆ್ಯಪ್ ಕೇಳಿತು ಎಂದು ಟೈಪ್ ಮಾಡಿದ ಹೆಸರನ್ನು ಆಮೇಲೆ ಯಾರೂ ಕರೆಯುವುದಿಲ್ಲ.

ಆಯುಧ ಪೂಜೆಯ ದಿನ ಮಿಕ್ಸಿ, ಫ್ರಿಡ್ಜಿಗೆ ಕುಂಕುಮ ಇಡುತ್ತೇವಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ನನ್ನ ಪ್ರಕಾರ ತುಂಬ ಇದೆ. ಪೂಜೆಯ ಅರ್ಥ ದೊಡ್ಡದು, ಅದನ್ನು ಬರೀ ಮನೋವಿಜ್ಞಾನಕ್ಕೆ ಇಳಿಸಲು ನಾನು ಇಷ್ಟಪಡುವುದಿಲ್ಲ. ಆದರೆ ಆ ದಿನ ನಮ್ಮ ಕೈ ಏನು ಮಾಡುತ್ತದೆ ಎಂದು ನೋಡಿ.

ಮಹಾನವಮಿಯ ಹಿಂದಿನ ದಿನ ಗ್ರೈಂಡರಿನ ಕಲ್ಲು ತೆಗೆದು ತೊಳೆಯುತ್ತೇವೆ. ವರ್ಷವಿಡೀ ಕೈ ಹೋಗದ ಫ್ರಿಡ್ಜಿನ ಹಿಂಭಾಗದ ಧೂಳು ಅವತ್ತು ಹೋಗುತ್ತದೆ. ಮಿಕ್ಸಿಯ ತಳ ಮಗುಚಿ ಒರೆಸುತ್ತೇವೆ. ಆಗಲೇ ಗೊತ್ತಾಗುವುದು, ರಬ್ಬರ್ ಬುಶ್ ಒಂದು ಬಿದ್ದುಹೋಗಿದೆ, ವೈರು ಒಂದು ಕಡೆ ಸೀಳಿದೆ ಎಂದು. ಮಾರನೇ ದಿನ ಅರಿಶಿನ ಕುಂಕುಮ, ಹೂವು. ಗಾಡಿಗೆ ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು, ಬೂದುಗುಂಬಳಕಾಯಿ. ನಮ್ಮ ಅಂಗಡಿಯಲ್ಲಿ ಅವತ್ತು ಮೀಟರ್, ಸೋಲ್ಡರಿಂಗ್ ಕಡ್ಡಿ, ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲ ಮಣೆ ಮೇಲೆ ಕೂರುತ್ತವೆ. ಆ ದಿನ ಅವುಗಳಿಂದ ಕೆಲಸ ಮಾಡಿಸುವುದಿಲ್ಲ.

ವರ್ಷಕ್ಕೊಮ್ಮೆ ಪ್ರತಿ ಮಿಷಿನ್ನನ್ನೂ ಕೈಯಾರೆ ಮುಟ್ಟಿ, ತೊಳೆದು, ಗುರುತು ಇಟ್ಟು, ವಿಶ್ರಾಂತಿ ಕೊಡುವ ಮನೆ ನಮ್ಮದು. ಹೊರದೇಶದ ಅಧ್ಯಯನಗಳು ಶ್ರಮ, ಗುರುತು, ನಂಟು ಎಂದು ಬಿಡಿಸಿ ಹೇಳಿದ್ದೆಲ್ಲ ಇಲ್ಲಿ ಒಂದೇ ಹಬ್ಬದಲ್ಲಿ ನಡೆಯುತ್ತದೆ. ಹಬ್ಬದ ಮುಂಚಿನ ವಾರ ನಮ್ಮ ಅಂಗಡಿಗೆ ರಿಪೇರಿ ಜಾಸ್ತಿ ಬರುತ್ತದೆ. ಕೆಟ್ಟುಹೋದ ಮಿಷಿನ್ನಿಗೆ ಪೂಜೆ ಮಾಡಲು ಮನಸ್ಸು ಒಪ್ಪುವುದಿಲ್ಲ ಎನ್ನುತ್ತಾರೆ.

ಸ್ಟೀಲ್ ಪಾತ್ರೆ ಮೇಲೆ ಹೆಸರು ಹಾಕಿಸೋದು?

ಅದೂ ಇದೇ. ಪಾತ್ರೆ ಅಂಗಡಿಯವರು ಕೈಯಲ್ಲಿ ಹಿಡಿದು ಟರ್‍ರ್ ಎಂದು ಸದ್ದು ಮಾಡುವ ಸಣ್ಣ ಮಿಷಿನ್ನಿನಿಂದ ಹೆಸರು, ದಿನ, ಊರು ಕೊರೆದು ಕೊಡುತ್ತಾರೆ. ಮೊದಲ ಕಾರಣ ಲೆಕ್ಕಾಚಾರದ್ದು: ಮದುವೆ ಮನೆಗೆ ಹೋದ ಪಾತ್ರೆ ವಾಪಸ್ ಬರಬೇಕು. ಆದರೆ 30 ವರ್ಷದ ಮೇಲೆ ಆ ತಟ್ಟೆ ಕೈಗೆ ಸಿಕ್ಕಿದಾಗ ಓದುವುದು ಅತ್ತೆಯ ಹೆಸರನ್ನು, ಗೃಹಪ್ರವೇಶದ ದಿನವನ್ನು. ಅಂಥ ತಟ್ಟೆಯನ್ನು ಹಳೇ ಸಾಮಾನಿಗೆ ಹಾಕಿದವರನ್ನು ನಾನು ನೋಡಿಲ್ಲ.

ಅಮ್ಮನಿಗೆ ಒಳ್ಳೆಯ ವಾಷಿಂಗ್ ಮಿಷಿನ್ ತಂದು, ಎಲ್ಲ ಸೆಟ್ ಮಾಡಿಕೊಟ್ಟೆವು. ಮುಟ್ಟುತ್ತಲೇ ಇಲ್ಲ. ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ನೋವಿರುತ್ತದೆ. ಸಾಲ ಮಾಡಿ ತಂದವರೂ ಇರುತ್ತಾರೆ. ಹಾಗಾಗಿ ಉತ್ತರ ಸ್ವಲ್ಪ ಉದ್ದ.

"ಎಲ್ಲ ಸೆಟ್ ಮಾಡಿಕೊಟ್ಟೆವು" ಎಂದಿರಿ. ತೊಂದರೆ ಅಲ್ಲೇ ಶುರುವಾಗಿದೆ. ಮಿಷಿನ್ ನಿಮ್ಮದಾಯಿತು, ಅಮ್ಮನದಾಗಲಿಲ್ಲ. ನಲ್ಲಿ ಎಲ್ಲಿ ಕೂರಬೇಕು, ಯಾವ ಮೂಲೆ, ಎಷ್ಟು ಹೊತ್ತಿನ ಒಗೆತ, ಎಲ್ಲವನ್ನೂ ನೀವು ತೀರ್ಮಾನಿಸಿದಿರಿ. ಅಮ್ಮನಿಗೆ ಉಳಿದದ್ದು ಒಂದು ಗುಂಡಿ ಒತ್ತುವುದು. ತಪ್ಪು ಒತ್ತಿದರೆ ಮಗನ ದುಡ್ಡು ಹಾಳು ಎಂಬ ಭಯ ಬೇರೆ.

ನಮ್ಮ ಕಡೆ ಇನ್ನೊಂದು ಮಾತಿದೆ, ಅದು ನೀರು. ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ನಲ್ಲಿಗೆ ಬರುತ್ತದೆ. ದಿನಾ ಬರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಬೋರ್‌ವೆಲ್ ಎಷ್ಟು ಆಳ ಹೋಗಿದೆ ಎಂದು ನಾನು ಹೇಳಬೇಕಾಗಿಲ್ಲ. ಸಂಪಿನಲ್ಲಿ ಎಷ್ಟು ನೀರಿದೆ ಎಂದು ದಿನಾ ಬಗ್ಗಿ ನೋಡುವ ಹೆಂಗಸಿಗೆ, ತನ್ನಷ್ಟಕ್ಕೆ ತಾನೇ ನೀರು ಎಳೆದುಕೊಳ್ಳುವ ಮಿಷಿನ್ ಅಂದರೆ ಎದೆ ಧಸಕ್ ಎನ್ನುತ್ತದೆ. ಬಟ್ಟೆ ತೊಳೆದ ಕೊನೆಯ ನೀರನ್ನು ಬಚ್ಚಲಿಗೆ, ಅಂಗಳಕ್ಕೆ ಇಟ್ಟುಕೊಳ್ಳುವ ಅಭ್ಯಾಸ ಅವರದು. ಈ ಮಿಷಿನ್ ಅದನ್ನು ಪೈಪಿನಲ್ಲಿ ಬಿಟ್ಟುಬಿಡುತ್ತದೆ. ನಮ್ಮ ಕಡೆ ಸೆಮಿ ಆಟೋಮ್ಯಾಟಿಕ್ ಮಿಷಿನ್ ಅನ್ನು ಜನ ಯಾಕೆ ಇಷ್ಟು ಇಷ್ಟಪಡುತ್ತಾರೆ? ಕಡಿಮೆ ಬೆಲೆ ಒಂದೇ ಕಾರಣ ಅಲ್ಲ. ನೀರು ನಾವೇ ಹಾಕಬಹುದು, ನಾವೇ ನಿಲ್ಲಿಸಬಹುದು, ಅದೇ ನೀರಿಗೆ ಎರಡನೇ ಸಲ ಬಟ್ಟೆ ಹಾಕಬಹುದು.

ಈಗ ಮಾಡಬೇಕಾದದ್ದು. ಒಂದು ಭಾನುವಾರ ಬಿಡುವು ಮಾಡಿಕೊಂಡು ಊರಿಗೆ ಬನ್ನಿ. ಅಮ್ಮನ ಕೈಯಲ್ಲೇ ಎಲ್ಲ ಮಾಡಿಸಿ. ನೀವು ಮುಟ್ಟಬೇಡಿ. ಯಾವ ಬಟ್ಟೆಗೆ ಯಾವ ಗುಂಡಿ ಎಂದು ಅವರೇ ತೀರ್ಮಾನಿಸಲಿ. ಆ ಗುಂಡಿಯ ಪಕ್ಕ ಅವರದೇ ಹಾಳೆಯಿಂದ ಒಂದು ಸ್ಟಿಕರ್ ಬೊಟ್ಟು ಅಂಟಿಸಲಿ. ಕೆಂಪು ಬೊಟ್ಟು ಅಂದರೆ ಸೀರೆ, ಹಸಿರು ಬೊಟ್ಟು ಅಂದರೆ ಹೊದಿಕೆ. ನೀರು ಹೊರಬರುವ ಪೈಪನ್ನು ಅವರು ಹೇಳಿದ ಬಕೆಟ್ಟಿಗೆ ಬಿಡಿ. ಮಿಷಿನ್ ಕೂರುವ ಜಾಗ ಅವರಿಗೆ ಸರಿಬರದಿದ್ದರೆ ಬದಲಿಸಿ, ಪ್ಲಂಬರ್‌ಗೆ ಇನ್ನೊಂದು ಸಲ ದುಡ್ಡು ಕೊಡಬೇಕಾದರೂ ಪರವಾಗಿಲ್ಲ. ಒಂದು ಒಗೆತ ಶುರುವಿನಿಂದ ಕೊನೆಯವರೆಗೆ ಅವರೇ ಮುಗಿಸಲಿ. ಅರ್ಧಕ್ಕೆ ನೀವು ಕೈ ಹಾಕಿದರೆ ಎಲ್ಲ ಮತ್ತೆ ಮೊದಲಿಗೇ ಬರುತ್ತದೆ.

ಇಷ್ಟು ಮಾಡಿದ ಎಷ್ಟೋ ಮನೆಗಳಲ್ಲಿ ಮಿಷಿನ್ ತಿರುಗಲು ಶುರುವಾಗಿದೆ. ಶುರುವಾಗದ ಮನೆಯೂ ಇದೆ. ಕೆಲವರಿಗೆ ಒಗೆಯುವ ಕಲ್ಲೇ ಇಷ್ಟ. ಆಗ ಅದನ್ನು ಒಪ್ಪಿಕೊಳ್ಳಬೇಕು.

ಮಿಷಿನ್ನೇ ನಮ್ಮನ್ನು ನೋಡಿ ಕಲಿತು, ತಾನೇ ಬದಲಾಗುತ್ತದಲ್ಲ, ಅದು ಇನ್ನೂ ಒಳ್ಳೆಯದಲ್ಲವಾ?

ಅನುಕೂಲ ಹೌದು. ಟಿವಿ ನಾವು ನೋಡಿದ್ದನ್ನು ಲೆಕ್ಕ ಇಟ್ಟು, ಅಂಥದ್ದೇ ಇನ್ನಷ್ಟನ್ನು ಮುಂದಿಡುತ್ತದೆ. ವಾಷಿಂಗ್ ಮಿಷಿನ್ ಬಟ್ಟೆಯ ಭಾರ ನೋಡಿ ನೀರಿನ ಮಟ್ಟ ಗೊತ್ತು ಮಾಡುತ್ತದೆ. ಆದರೆ ಇದರಲ್ಲಿ ನಮ್ಮ ಕೈ ಎಲ್ಲಿದೆ? ನಮಗೆ ಗೊತ್ತಾಗದ ಹಾಗೆ ಆದ ಬದಲಾವಣೆಯಿಂದ "ನಾನು ಮಾಡಿದೆ" ಎಂಬ ಭಾವನೆ ಬರುವುದಿಲ್ಲ. ಅಂಥ ಮಿಷಿನ್ನನ್ನು ಬಿಟ್ಟು ಇರುವುದು ಕಷ್ಟವಾಗಬಹುದು, ಅಭ್ಯಾಸ ಬಲವಾಗಿರುತ್ತದೆ. ಅಭ್ಯಾಸ ಬೇರೆ, ಅಕ್ಕರೆ ಬೇರೆ. ಹೊಸ ಟಿವಿಯಲ್ಲಿ ಅದೇ ಅಕೌಂಟ್ ಹಾಕಿದರೆ ಅದೇ ಎಲ್ಲ ಬರುತ್ತದೆ, ಹಳೇ ಟಿವಿಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಮಾತಾಡಿಸಿದರೆ ಉತ್ತರ ಕೊಡುವ ಸ್ಪೀಕರ್, ಫೋನ್? ಅದಕ್ಕೆ ನಮ್ಮ ಕನ್ನಡ ಬರುತ್ತಾ?

ಫೋನಿನ ಗೂಗಲ್‌ಗೆ ಕನ್ನಡದಲ್ಲಿ ಮಾತಾಡಿದರೆ ಅರ್ಥವಾಗುತ್ತದೆ. ಟೈಪ್ ಮಾಡಲು ಬಾರದ ಎಷ್ಟೋ ಹಿರಿಯರು ಫೋನಿಗೆ ಬಾಯಲ್ಲಿ ಹೇಳಿಯೇ ಹಾಡು, ಪ್ರವಚನ ಹುಡುಕಿಕೊಳ್ಳುತ್ತಾರೆ. ತನ್ನ ಮಾತು ಮಿಷಿನ್ನಿಗೆ ಅರ್ಥವಾಯಿತು ಎಂದಾಗ ಆ ಮುಖದ ಖುಷಿಯೇ ಬೇರೆ.

ಆದರೆ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮನೆಮಾತು ಒಂದೇ ಬಗೆಯದಲ್ಲ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನ ಕಡೆ ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗು ಎರಡೂ ಬರುತ್ತವೆ. ಕೆಜಿಎಫ್‌ನಲ್ಲಿ ತಮಿಳು ಸೇರುತ್ತದೆ. ಎಷ್ಟೋ ಮನೆಗಳಲ್ಲಿ ಉರ್ದು. ಮಿಷಿನ್ನಿಗಾಗಿ ಮಾತನ್ನು ತಿದ್ದಿಕೊಂಡು, ನಿಧಾನಕ್ಕೆ, ಪುಸ್ತಕದ ಹಾಗೆ ಮಾತಾಡಬೇಕಾಗುತ್ತದೆ. ಬದಲಾಗುತ್ತಿರುವುದು ನಾವು. ಮಿಷಿನ್ ನಮ್ಮ ಹಾಗೆ ಆಗುತ್ತಿಲ್ಲ. ಅದು ನಮ್ಮ ಮಾತಿಗೆ ಒಗ್ಗುವವರೆಗೆ ನಂಟು ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತದೆ ಎಂದು ನನಗೆ ಅನ್ನಿಸುತ್ತದೆ.

ಮನೆಯಲ್ಲಿ ಒಂದೇ ಟಿವಿ, ಆರು ಜನ. ಯಾರದ್ದೆಂದು ಮಾಡಿಕೊಳ್ಳುವುದು?

ಒಬ್ಬರ ಗುರುತು ಬಿದ್ದಷ್ಟು ಉಳಿದವರಿಗೆ ಅದು ದೂರವಾಗುತ್ತದೆ. ಹುಡುಗ ಎಲ್ಲ ಸೆಟ್ಟಿಂಗನ್ನೂ ತನಗೆ ಬೇಕಾದ ಹಾಗೆ ಮಾಡಿಟ್ಟರೆ ಅಜ್ಜನಿಗೆ ವಾರ್ತೆ ಹಾಕಲು ಬರುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಪ್ರೊಫೈಲ್ ಮಾಡಿ. ಅಜ್ಜನ ಪ್ರೊಫೈಲಿಗೆ ಹಾಕುವ ಚಿತ್ರವನ್ನು ಅಜ್ಜನೇ ಆರಿಸಲಿ.

ರಿಪೇರಿಗೆ ಕೊಟ್ಟರೆ ಸೆಟ್ಟಿಂಗ್ ಎಲ್ಲ ಹೋಗುತ್ತಾ?

ಬೋರ್ಡ್ ಬದಲಿಸಿದರೆ ಅಥವಾ ರೀಸೆಟ್ ಮಾಡಿದರೆ ಹೋಗಬಹುದು. ಬರೀ ಬೆಲ್ಟು, ಕಾರ್ಬನ್ ಬ್ರಶ್, ಕಪ್ಲರ್ ಬದಲಿಸಿದರೆ ಹೋಗುವುದಿಲ್ಲ. ಕೊಡುವ ಮುಂಚೆ ಸೆಟ್ಟಿಂಗಿನ ಪರದೆಗಳ ಫೋಟೊ ತೆಗೆದುಕೊಳ್ಳಿ.

ಇಲ್ಲಿ ನಾವು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಕಣ್ಣು ಮಂಜಾದ ಒಬ್ಬ ಅಜ್ಜಿಯ ರಿಮೋಟ್ ಬಂದಿತ್ತು. ಗುಂಡಿಗಳ ಮೇಲೆ ಏನೋ ಗಟ್ಟಿಯಾಗಿ ಅಂಟಿತ್ತು. ಕೊಳೆ ಎಂದುಕೊಂಡು ಥಿನ್ನರ್ ಹಾಕಿ ಚೆನ್ನಾಗಿ ಒರೆಸಿ ಕೊಟ್ಟೆವು. ಅದು ಕೊಳೆ ಆಗಿರಲಿಲ್ಲ. ಬೆರಳಿಗೆ ಸಿಗಲಿ ಎಂದು ಮೂರು ಗುಂಡಿಗಳ ಮೇಲೆ ಅವರು ಉಗುರು ಬಣ್ಣದ ದಪ್ಪ ಚುಕ್ಕೆ ಇಟ್ಟಿದ್ದರು. ರಿಮೋಟ್ ಸರಿಯಾಗಿತ್ತು, ಆದರೆ ಅವರಿಗೆ ಟಿವಿ ಹಾಕಲು ಆಗಲಿಲ್ಲ. ನಾನೇ ಅವರ ಮನೆಗೆ ಹೋಗಿ, ಅವರ ಬೆರಳು ಹಿಡಿದು, ಎಲ್ಲೆಲ್ಲಿ ಎಂದು ಕೇಳಿಕೊಂಡು ಮತ್ತೆ ಚುಕ್ಕೆ ಇಡಿಸಿದೆ. ಅವತ್ತಿನಿಂದ ಚೀಟಿಯಲ್ಲಿ "ಗುರುತು ಇದೆ, ಅಳಿಸಬಾರದು" ಎಂದು ಬರೆಯುತ್ತೇನೆ.

ಅಕ್ಕರೆ ಜಾಸ್ತಿಯಾದರೆ ತೊಂದರೆ ಇದೆಯಾ?

ಇದೆ. ಗೀಸರ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಶಾಕ್ ಹೊಡೆಯುವ, ಒಳಗಿನ ತೊಟ್ಟಿ ತುಕ್ಕು ಹಿಡಿದ ಗೀಸರನ್ನು ಯಾವ ನೆನಪಿಗೂ ಇಟ್ಟುಕೊಳ್ಳಬಾರದು. ಸವೆದ ಕುಕ್ಕರ್ ವಾಲ್ವ್, ಬಿರುಕು ಬಿಟ್ಟ ಗ್ಯಾಸ್ ಪೈಪ್ ಕೂಡ ಹಾಗೇ. ಅಂಥದ್ದನ್ನು ನಾವು ರಿಪೇರಿ ಮಾಡಿಕೊಡುವುದಿಲ್ಲ.

ಹಳೇ ಫ್ರಿಡ್ಜಿನದು ಬೇರೆ ಲೆಕ್ಕ. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೆ ತಿಂಗಳಿಗೆ 200 ಯೂನಿಟ್ ಒಳಗೆ ಉಚಿತ ವಿದ್ಯುತ್ತಿನ ಅನುಕೂಲ ಸಿಗುತ್ತದೆ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಗ್ಯಾಸ್ಕೆಟ್, ಅಂದರೆ ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿ ಹೋಗಿ ಹಗಲೂ ರಾತ್ರಿ ಓಡುವ ಫ್ರಿಡ್ಜು ನಿಮ್ಮನ್ನು ಆ ಗೆರೆ ದಾಟಿಸಬಹುದು. ಮೊದಲು ಬಾಗಿಲಿನ ಗ್ಯಾಸ್ಕೆಟ್ ಬದಲಿಸಿ ನೋಡಿ. ಖರ್ಚು ಕಡಿಮೆ, ಫ್ರಿಡ್ಜೂ ಉಳಿಯುತ್ತದೆ. ಕಂಪ್ರೆಸರ್ ಹೋದರೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಕಂಪನಿಯೇ ಮಿಷಿನ್ನನ್ನು ಕೈಬಿಟ್ಟರೆ?

ಇಂಟರ್ನೆಟ್ ಇದ್ದರೆ ಮಾತ್ರ ನಡೆಯುವ ಮಿಷಿನ್ನುಗಳಲ್ಲಿ ಇದು ದೊಡ್ಡ ಚಿಂತೆ. ರಿವಾಲ್ವ್ ಎಂಬ ಪುಟ್ಟ ಪೆಟ್ಟಿಗೆ ಇತ್ತು, ಮನೆಯ ದೀಪ, ಬೀಗ ಎಲ್ಲವನ್ನೂ ಒಂದೇ ಕಡೆಯಿಂದ ನಡೆಸುತ್ತಿತ್ತು. ಅದರ ಸರ್ವರನ್ನು 2016ರಲ್ಲಿ ನಿಲ್ಲಿಸಿದರು. ಜನ ಕೂತು ಒಂದೊಂದೇ ಹೊಂದಿಸಿಕೊಂಡದ್ದೆಲ್ಲ ಹೋಯಿತು, ಪೆಟ್ಟಿಗೆ ಸುಮ್ನೆ ಪೆಟ್ಟಿಗೆಯಾಗಿ ಉಳಿಯಿತು.

ಜಪಾನಿನ ಕತೆ ಇನ್ನೂ ಮನಸ್ಸಿಗೆ ತಾಕುತ್ತದೆ. ಸೋನಿ ಕಂಪನಿ 1999ರಲ್ಲಿ ಐಬೊ ಎಂಬ ರೋಬೋ ನಾಯಿ ತಂದಿತು. ಯಜಮಾನರ ಜೊತೆ ಇದ್ದ ಹಾಗೆ ಅದರ ನಡತೆ ಬೆಳೆಯುತ್ತಿತ್ತು, ಆದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ. 2006ರಲ್ಲಿ ತಯಾರಿಕೆ ನಿಂತಿತು, 2014ರಲ್ಲಿ ಕಂಪನಿಯ ರಿಪೇರಿಯೂ ನಿಂತಿತು. ಚಿಬಾ ಪ್ರಾಂತ್ಯದ ಇಸುಮಿಯ ಕೊಫುಕುಜಿ ಎಂಬ ಬೌದ್ಧ ದೇವಸ್ಥಾನದಲ್ಲಿ ಆ ನಾಯಿಗಳಿಗೆ ಅಂತಿಮ ಪ್ರಾರ್ಥನೆ ನಡೆಯಿತು. ಪ್ರಾರ್ಥನೆಯ ಮೇಲೆ ಅವುಗಳ ಬಿಡಿಭಾಗಗಳನ್ನು ಇನ್ನೂ ಬದುಕಿದ್ದ ನಾಯಿಗಳ ರಿಪೇರಿಗೆ ಬಳಸಿದರು. ಇದನ್ನು ಓದಿದ ದಿನ ನಮ್ಮ ಮನೆಯವರಿಗೂ ಓದಿ ಹೇಳಿದೆ. ಅವರು ಏನೂ ಮಾತಾಡದೆ, ಗುಜರಿಗೆ ಎಂದು ತೆಗೆದಿಟ್ಟ ಮೂಟೆಯಿಂದ ಎರಡು ಒಳ್ಳೆಯ ಆರ್ಮೇಚರ್ (ಮೋಟರಿನ ಒಳಗೆ ತಿರುಗುವ ಭಾಗ) ವಾಪಸ್ ಎತ್ತಿಟ್ಟರು.

ಹಳೇ ಮಿಷಿನ್ ಬೇರೆಯವರಿಗೆ ಕೊಡುವಾಗ ಏನು ಮಾಡಬೇಕು?

ಫೋನು, ಟಿವಿ, ರೋಬೋ, ಕ್ಯಾಮೆರಾ ಆದರೆ ಮೊದಲು ಅಕೌಂಟಿನಿಂದ ಹೊರಬಂದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ರೋಬೋದಲ್ಲಿ ನಿಮ್ಮ ಮನೆಯ ನಕ್ಷೆ ಇರುತ್ತದೆ, ಅದನ್ನು ಆ್ಯಪಿನಿಂದಲೂ ಅಳಿಸಿ.

ಅಮ್ಮ ತೀರಿಹೋದರು. ಅವರ ಮಿಕ್ಸಿ ಕೆಟ್ಟಿದೆ. ಎಸೆಯಲು ಮನಸ್ಸಿಲ್ಲ, ಇಟ್ಟುಕೊಂಡು ಏನು ಮಾಡಲಿ?

ಗುಬ್ಬಿಯಿಂದ ಒಬ್ಬ ಹೆಣ್ಣುಮಗಳು ಇದೇ ಪ್ರಶ್ನೆ ತಂದಿದ್ದರು. ಮೋಟರಿನ ವೈಂಡಿಂಗ್ ಸುಟ್ಟಿತ್ತು, ಬಾಡಿ ಬಿರುಕು ಬಿಟ್ಟಿತ್ತು. ಆ ಮಾಡೆಲ್ಲಿನ ಬಾಡಿ ಈಗ ಸಿಗುವುದಿಲ್ಲ. ಮಿಕ್ಸಿಯನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಅಮ್ಮನ ಕೈ ಬಿದ್ದದ್ದು ಎಲ್ಲೆಲ್ಲಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನೋಡಿದರು. ಚಟ್ನಿ ಜಾರಿನ ಮುಚ್ಚಳ ತೋರಿಸಿದರು. ಅದರ ಗುಬುಟು ಎಂದೋ ಮುರಿದಿತ್ತು, ಅಮ್ಮ ಅಲ್ಲಿಗೆ ಬಾಟಲಿಯ ಬಿರಡೆಯೊಂದನ್ನು ತಂತಿಯಿಂದ ಕಟ್ಟಿದ್ದರು. ತಂತಿ ಚುಚ್ಚಬಾರದು ಎಂದು ಮೇಲೆ ಬಟ್ಟೆ ಸುತ್ತಿದ್ದರು.

ಆ ಜಾರು ಕೂರುವಂಥ ಬೇರೆ ಮಿಕ್ಸಿಯನ್ನು ಹುಡುಕಿದೆವು. ಒಂದು ಹಳೆಯದು ಸಿಕ್ಕಿತು. ಕಪ್ಲರ್ ಬದಲಿಸಿ, ಜಾರಿಗೆ ಹೊಸ ಬ್ಲೇಡು ಹಾಕಿ, ಮುಚ್ಚಳವನ್ನು ಮುಟ್ಟದೆ ಕೊಟ್ಟೆವು. ಅಂಗಡಿಯಲ್ಲೇ ನೀರು ಹಾಕಿ ಒಂದು ಸಲ ಓಡಿಸಿ ತೋರಿಸಿದಾಗ ಅವರು ಒಂದು ಕೈಯನ್ನು ಬಿರಡೆಯ ಮೇಲೆ ಒತ್ತಿ ಹಿಡಿದಿದ್ದರು. ಹಳೇ ಬಾಡಿಯನ್ನು ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಹೋದರು. ಅದರ ತಳದ ರಬ್ಬರ್ ಬುಶ್‌ಗಳು ಚೆನ್ನಾಗಿವೆ, ಯಾರಿಗಾದರೂ ಬೇಕಾದರೆ ಕೇಳಿ.